ಪಾಚಿಗಳ ಪಟ್ಟಿಯೂ ಅಜ್ಜಿಯ ಒಲೆಯೂ

ಕಡಲಂಚಿನ ಬಂಡೆಯ ಹೊಂಡದಲ್ಲಿದ್ದ ಪಾಚಿಗಳೆಲ್ಲ ಸೇರಿ ತಮ್ಮ ಕುಲದ ಪಟ್ಟಿ ಮಾಡಲು ತೀರ್ಮಾನಿಸಿದವು. ಬರೆಯುವ ಕೆಲಸ ಹಸಿರು ಪಾಚಿಯ ಪಾಲಿಗೆ ಬಂತು. ಅದಕ್ಕೆ ಶಿಸ್ತೆಂದರೆ ಪ್ರಾಣ. ತನ್ನ ಹೆಸರನ್ನು ಮೊದಲು ಬರೆದು, ಕಂದು ಪಾಚಿಯನ್ನೂ ಕೆಂಪು ಪಾಚಿಯನ್ನೂ ಬೇರೆ ಬೇರೆ ಸಾಲಿನಲ್ಲಿ ಕೂರಿಸಿ, ಕೊನೆಗೆ ಮೂಲೆಯಲ್ಲಿದ್ದ ನೀಲಿ ಪಾಚಿ ಅಜ್ಜಿಯ ಮುಂದೆ ಗಂಟಲು ಸರಿಮಾಡಿಕೊಂಡಿತು.

"ಅಜ್ಜೀ, ತಪ್ಪು ತಿಳೀಬೇಡಿ. ಪಾಚಿ ಅಂದಮೇಲೆ ಮೈಯೊಳಗೊಂದು ಒಳಕೋಣೆ, ಅಂದ್ರೆ ಕೋಶಕೇಂದ್ರ, ಇರಬೇಕು. ನಿಮ್ಮದು ಒಂದೇ ಅಂಕಣದ ಮನೆ. ನೀವು ಬ್ಯಾಕ್ಟೀರಿಯಾದವರ ಪೈಕಿ. ಈ ಹೊಂಡ ಖಾಲಿ ಮಾಡಬೇಕಾಗುತ್ತೆ."

"ಆಯ್ತಪ್ಪ, ಹೋಗ್ತೀನಿ" ಎಂದಿತು ಅಜ್ಜಿ. "ಬಿಸಿಲಲ್ಲಿ ಅನ್ನ ಬೇಯಿಸೋ ಒಲೆ ನಿಮ್ಮ ಮೂವರ ಮೈಯಲ್ಲೂ ಇದೆಯಲ್ಲ, ಅದು ಹಿಂದೆ ನಿಮ್ಮ ಹಿರಿಯರಿಗೆ ನಮ್ಮನೆಯಿಂದ ಬಂದದ್ದು. ಕೊಟ್ಟುಬಿಡಿ, ಜೊತೆಗೇ ಒಯ್ತೀನಿ."

ಕಂದು ಪಾಚಿ ಕೆಂಪು ಪಾಚಿಯ ಮುಖ ನೋಡಿತು. ಬಿಸಿಲು ಏರುತ್ತಿತ್ತು, ಇನ್ನೂ ಯಾರದೂ ಊಟವಾಗಿರಲಿಲ್ಲ.

"ನಿಯಮ ಮಾಡೋ ಮುಂಚೆ ಅಜ್ಜೀನ ಒಂದು ಮಾತು ಕೇಳೋಕೆ ನಿನಗೇನಾಗಿತ್ತೋ?" ಎಂದು ಕೆಂಪು ಪಾಚಿ ಗದರಿತು.

ಹಸಿರು ಪಾಚಿ ಒಳಕೋಣೆಯ ನಿಯಮವನ್ನು ಅಳಿಸಿ, ಅಜ್ಜಿಯ ಹೆಸರನ್ನು ತನ್ನ ಹೆಸರಿಗಿಂತ ಮೇಲೆ ಬರೆಯಿತು. ಅದರ ಕೆಳಗೆ "ಸ್ವಂತ ಒಲೆ ಇದ್ದವರೆಲ್ಲ ಪಾಚಿಗಳು" ಎಂದು ಹೊಸ ನಿಯಮ ಬರೆಯಿತು. ತನ್ನ ಮೈಯಲ್ಲಿದ್ದ ಒಲೆಯನ್ನೊಮ್ಮೆ ನೋಡಿಕೊಂಡು, "ಸ್ವಂತ" ಎಂಬುದನ್ನು ಹೊಡೆದುಹಾಕಿತು.