ಕೊನೆಗೆ ಬಂದ ಹೆಸರು

ದವಾಖಾನೆಯ ಕಂಪೌಂಡರ್ ಫಕೀರಪ್ಪ ಪ್ರೋಗ್ರಾಮಿಂಗ್ ಕಲಿಯುತ್ತಿದ್ದ. ರೋಗಿಗಳ ಹೆಸರು ಕರೆಯುವ ಕೆಲಸಕ್ಕೆ ಕಂಪ್ಯೂಟರಿನಲ್ಲಿ ಕ್ಯೂ, ಸ್ಟ್ಯಾಕ್ ಎಂಬ ಎರಡು ಬಗೆಯ ಪಟ್ಟಿಗಳನ್ನು ಇಟ್ಟ; ಎರಡೂ ಸರದಿಯ ಮೇಲೆ ಹೆಸರು ಕರೆಯುತ್ತಿದ್ದವು. ಕ್ಯೂ ಮೊದಲು ಬಂದವರನ್ನು ಮೊದಲು ಕರೆಯುತ್ತಿತ್ತು. ಸ್ಟ್ಯಾಕ್ ಹೆಸರುಗಳನ್ನು ಒಂದರ ಮೇಲೊಂದು ಪೇರಿಸಿಕೊಂಡು ಕೊನೆಗೆ ಬಂದವರನ್ನು ಮೊದಲು ಕರೆಯುತ್ತಿತ್ತು.

ಒಂದು ದಿನ ಆರು ಜನ ಕಾಯುತ್ತಿರುವಾಗ, ಕಾಲಿಗೆ ಹಾವು ಕಚ್ಚಿದ ದ್ಯಾಮವ್ವನನ್ನು ಕರೆತಂದರು. ಸ್ಟ್ಯಾಕ್ ತಕ್ಷಣ ಅವಳ ಹೆಸರು ಕರೆಯಿತು. ಅವಳು ಬದುಕಿದಳು.

“ನೋಡಿದೆಯಾ ಮಹರಾಯ? ನಿನ್ನ ನ್ಯಾಯಕ್ಕೆ ಕಾದಿದ್ದರೆ ಅವಳನ್ನು ನಾಲ್ವರು ಹೊತ್ತುಕೊಂಡು ಹೋಗಬೇಕಿತ್ತು” ಎಂದಿತು ಸ್ಟ್ಯಾಕ್. ಕ್ಯೂ ನಾಚಿ ಕೆಲಸ ಬಿಟ್ಟುಕೊಟ್ಟಿತು.

ಮರುದಿನ ಗುರುಬಸಪ್ಪ ಎದೆ ಹಿಡಿದುಕೊಂಡು ಎಲ್ಲರಿಗಿಂತ ಮೊದಲು ಬಂದ. ಅವನ ಹಿಂದೆ ನೆಗಡಿಯವರು ಒಬ್ಬೊಬ್ಬರಾಗಿ ಬಂದರು, ಬಂದಂತೆ ಒಳಗೆ ಹೋದರು. ಗುರುಬಸಪ್ಪ ಬೆಂಚಿನ ಮೇಲೆ ವಾಲಿದ.

“ಅವನನ್ನು ಕರೆಯೋ!” ಎಂದು ಕ್ಯೂ ಕೂಗಿತು. “ನಿನ್ನೆ ದ್ಯಾಮವ್ವನ ಕಾಲು ನೋಡಿ ಕರೆದವನಲ್ಲವೇ ನೀನು?”

“ಯಾವ ಕಾಲು?” ಎಂದಿತು ಸ್ಟ್ಯಾಕ್. “ನನಗೆ ಕಾಣುವುದು ಮೇಲಿನ ಹೆಸರೊಂದೇ.”

ಫಕೀರಪ್ಪ ಓಡಿಬಂದು ಗುರುಬಸಪ್ಪನನ್ನು ಎತ್ತಿಕೊಂಡು ಡಾಕ್ಟರ ಬಳಿಗೆ ಹೋದ. ಗುರುಬಸಪ್ಪನ ಉಸಿರು ಹದಕ್ಕೆ ಬಂದ ಮೇಲೆ ಮರಳಿ ಕುಳಿತು ಹೊಸ ಪಟ್ಟಿಯೊಂದನ್ನು ಬರೆದ. ಅದರಲ್ಲಿ ಪ್ರತಿ ಹೆಸರಿನ ಪಕ್ಕದಲ್ಲಿ ನೋವಿಗೂ ಒಂದು ಜಾಗವಿತ್ತು.