“ಬರ್ತೇನೆ” ಅಂದ ಹುಳ

ಕಡಲಿಗೆ ಉಪ್ಪು ಇನ್ನೂ ಸರಿಯಾಗಿ ಹಿಡಿಯದ ಕಾಲವದು. ಎಲ್ಲರಿಗೂ ಒಂದೊಂದು ಮನೆ ಸಿಕ್ಕಿತ್ತು. ಏಡಿಗೆ ಬಿಲ, ಆಮೆಗೆ ಚಿಪ್ಪು. ನೂಲಿನಷ್ಟು ಸಣ್ಣ ಹುಳಕ್ಕೆ ಮಾತ್ರ ಏನೂ ಸಿಗಲಿಲ್ಲ. ಮನೆ ಹಂಚುವ ದಿನ ಅದು ನಿದ್ದೆ ಹೋಗಿತ್ತು.

ಅದೇ ಕಡಲಲ್ಲಿ ಅಕ್ಕಿನುಚ್ಚಿನಷ್ಟು ಪುಟ್ಟ ಸಿಗಡಿಯೊಬ್ಬಳಿದ್ದಳು. ಸಿಗಡಿಗೆ ಮನೆಯೆಂದರೆ ಮೈಯೇ, ಬಾಗಿಲೆಂದರೆ ಬಾಯಿ. ಕತ್ತಲಾದ ಮೇಲೆ ನೀರಿನ ಮೇಲಕ್ಕೆ ಬಂದು ಪಾಚಿ ತಿನ್ನುವಳು, ಬೆಳಕು ಹರಿಯುವ ಮೊದಲು ಆಳಕ್ಕೆ ಇಳಿಯುವಳು. ಇಳಿಯಲೇಬೇಕು. ಬೆಳಗಾದರೆ ಬಂಗುಡೆ ಮೀನು ಏಳುತ್ತದೆ, ಏಳುವಾಗಲೇ ಅದಕ್ಕೆ ಹಸಿವು.

ಒಂದು ದಿನ ಗಾಳಿ ಎದ್ದು ಕಡಲು ಅಲ್ಲೋಲಕಲ್ಲೋಲವಾಯಿತು. ಹುಳ ಸಿಗಡಿಯ ಬಾಗಿಲಿಗೆ ಬಂತು.

“ಅಕ್ಕಾ, ಗಾಳಿ ನಿಲ್ಲುವವರೆಗೆ ಒಳಗೆ ಸ್ವಲ್ಪ ಜಾಗ ಉಂಟಾ?”

“ಉಂಟು ಮಾರಾಯ, ಬಾ,” ಅಂದಳು ಸಿಗಡಿ.

ಗಾಳಿ ನಿಂತಿತು. “ನಾನು ನಿಂತಾಯ್ತು, ಇನ್ನು ನೀನು ಹೊರಡು,” ಎಂದು ಹುಳಕ್ಕೆ ಹೇಳಿಯೂ ಹೇಳಿತು.

ಹುಳ ಮರ್ಯಾದೆ ಗೊತ್ತಿದ್ದ ಪ್ರಾಣಿ. ಹೊರಡುವಾಗ ‘ಹೋಗ್ತೇನೆ’ ಅನ್ನಬಾರದು, ಅದು ಅಪಶಕುನ. ಆ ಕಡಲಲ್ಲೂ ಹಾಗೇ ಇತ್ತು. ಅದಕ್ಕೇ ಹುಳ ಬಾಗಿಲಲ್ಲಿ ನಿಂತು, “ಬರ್ತೇನೆ ಅಕ್ಕಾ,” ಅಂದಿತು.

ಸಿಗಡಿಗೂ ಮರ್ಯಾದೆ ಗೊತ್ತಿತ್ತು. “ಬಾ,” ಅಂದಳು.

ಬಾ ಅಂದಮೇಲೆ ಹುಳ ಏನು ಮಾಡಬೇಕು? ತಿರುಗಿ ಒಳಗೆ ಬಂತು.

ಮರುದಿನವೂ ಅದೇ ಆಯಿತು. ಹುಳ “ಬರ್ತೇನೆ” ಅನ್ನುವುದು, ಸಿಗಡಿ “ಬಾ” ಅನ್ನುವುದು, ಹುಳ ಬರುವುದು. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನೂ ಸಾಲದು ಅನ್ನುತ್ತಾರೆ. ಪಾಪ, ಸಿಗಡಿಯ ಹತ್ತಿರ ಇದ್ದದ್ದು ಬರೀ ಪಾಚಿ. ಹುಳ ಒಳಗೆ ಸುರುಳಿ ಸುತ್ತಿಕೊಂಡು ದಪ್ಪವಾಯಿತು, ಅವಳು ಬಡಕಲಾದಳು. ಬೆಳಗಿನ ಹೊತ್ತು ಆಳಕ್ಕೆ ಇಳಿಯುವುದು ದಿನದಿಂದ ದಿನಕ್ಕೆ ತಡವಾಗತೊಡಗಿತು.

ನೋಡಿ ನೋಡಿ ಏಡಿಗೆ ಸಾಕಾಯಿತು.

“ಎಂತ ಮಾರಾಯ್ತಿ, ನಿನಗೆ ಜೀವ ಬೇಡವಾ? ಅದನ್ನು ಕಳಿಸು.”

“ಮನೆಗೆ ಬಂದವರಿಗೆ ಹೋಗು ಅಂತ ಹೇಗೆ ಹೇಳುವುದು ಅಣ್ಣಾ?”

“ಹೋಗು ಅನ್ನಬೇಡ. ‘ಹೋಗಿ ಬಾ’ ಅನ್ನು. ಮೊದಲು ಹೋಗಲಿ. ಬರುವುದು ಆಮೇಲಿನ ಮಾತು.”

ಸಿಗಡಿಗೆ ಹೋದ ಜೀವ ಬಂದಂತಾಯಿತು. ಇಷ್ಟು ಸಣ್ಣ ಮಾತು ತನಗೆ ಹೊಳೆಯಲಿಲ್ಲವಲ್ಲ ಎಂದು ನಾಚಿಕೆಯೂ ಆಯಿತು. ಬೆಳಗ್ಗೆ ಹುಳ ಏಳುವುದನ್ನೇ ಕಾದಳು.

ಹುಳ ಎದ್ದು “ಬರ್ತೇನೆ ಅಕ್ಕಾ” ಅನ್ನುವಾಗ ಬೆಳಕು ಹರಿದಾಗಿತ್ತು. ಸಿಗಡಿ ಇನ್ನೂ ನೀರಿನ ಮೇಲೆಯೇ ಇದ್ದಳು.

“ಹೋಗಿ...” ಅಂದಳು.

ಅಷ್ಟರಲ್ಲಿ ಬಂಗುಡೆ ಬಂದು ಅವಳನ್ನು ನುಂಗಿತು.

ಹುಳ ಕಣ್ಣು ಬಿಟ್ಟಾಗ ಬಂಗುಡೆಯ ಹೊಟ್ಟೆಯಲ್ಲಿತ್ತು. ಸಿಗಡಿಯಕ್ಕ ಇರಲಿಲ್ಲ. ಅದಕ್ಕೆ ಬೇಸರವಾಯಿತು, ಸುಳ್ಳಲ್ಲ. ಆದರೆ ಅಕ್ಕ ಏನೋ ಹೇಳುತ್ತಿದ್ದಳು, ಅರ್ಧಕ್ಕೆ ನಿಲ್ಲಿಸಿದ್ದಳು. ಹಿರಿಯರ ಮಾತು ಮುಗಿಯುವ ಮೊದಲು ಎದ್ದು ಹೋಗುವುದು ಮರ್ಯಾದೆಯಲ್ಲ. ಹುಳ ಅಲ್ಲೇ ಸುರುಳಿ ಸುತ್ತಿ ಕೂತಿತು.

ಅದರ ಸಂತಾನದವರು ಇವತ್ತಿಗೂ ಮೊದಲು ಸಿಗಡಿಯ ಬಾಗಿಲಿಗೇ ಬರುತ್ತಾರೆ, ಅಲ್ಲಿಂದ ಮೀನಿನ ಹೊಟ್ಟೆಗೆ. ಅಮ್ಮ ಬಂಗುಡೆ ಕೊಯ್ಯುವಾಗ ಕೆಲವೊಮ್ಮೆ ಕರುಳಿನ ಪಕ್ಕ ಬಿಳಿ ನೂಲಿನ ಸುರುಳಿಯೊಂದು ಕಾಣುತ್ತದಲ್ಲ, ಅದು ಅಕ್ಕನ ಮಾತು ಮುಗಿಯಲಿ ಅಂತ ಇನ್ನೂ ಕೂತಿರುವ ಹುಳ.