ಡಿಸ್ಕಿನಲ್ಲಿದ್ದ ದನಿ

ಮಲಪ್ರಭೆಯ ದಂಡೆಯ ಮೇಲೊಂದು ಆಶ್ರಮ. ಅಲ್ಲಿ ಮಹಾಂತಯ್ಯ ಎಂಬ ಗುರುಗಳಿದ್ದರು.

ಆಶ್ರಮಕ್ಕೆ ಬರುವ ಮೊದಲು ಅವರು ಮೂವತ್ತು ವರ್ಷ ಟೆಲಿಫೋನ್ ಕಚೇರಿಯಲ್ಲಿ ತಂತಿ ಜೋಡಿಸಿದವರು. ಇಲ್ಲಿಯೂ ಕೈ ಸುಮ್ಮನಿರಲಿಲ್ಲ. ಸುತ್ತಲಿನ ಊರಿನವರು ಕೆಟ್ಟ ಕಂಪ್ಯೂಟರುಗಳನ್ನು ತಂದಿಡುತ್ತಿದ್ದರು. ಗುರುಗಳು ರಿಪೇರಿ ಮಾಡುತ್ತಲೇ ಪಾಠ ಹೇಳುತ್ತಿದ್ದರು.

ದಾನಮ್ಮ ಅವರ ಶಿಷ್ಯೆ. ಹದಿನಾರು ವರ್ಷ ಆರೋಗ್ಯ ಕೇಂದ್ರದಲ್ಲಿ ನರ್ಸ್ ಆಗಿದ್ದವಳು. ಹಿಡಿದದ್ದನ್ನು ಬಿಡುವ ಜಾಯಮಾನವಲ್ಲ. ಬಂದ ಮೊದಲ ತಿಂಗಳಲ್ಲೇ ಕಂಪ್ಯೂಟರಿನ ಭಾಗಗಳ ಹೆಸರನ್ನೆಲ್ಲ ಬಾಯಿಪಾಠ ಮಾಡಿ ಒಪ್ಪಿಸಿದಳು.

ರ್ಯಾಮ್ ಅಂದರೇನು ಎಂದು ಗುರುಗಳು ಕೇಳಿದರು. ನೆನಪು ಎಂದಳು. ಹಾರ್ಡ್ ಡಿಸ್ಕ್ ಅಂದರೇನು? ಅದೂ ನೆನಪು ಎಂದಳು.

"ಎರಡೂ ನೆನಪಾದರ ಎರಡು ಯಾಕ ಬೇಕು?"

ಅವಳು ಹೆಸರುಗಳನ್ನು ಮತ್ತೆ ಮೊದಲಿಂದ ಒಪ್ಪಿಸಿದಳು.

ಸಂಜೆ ಅವಳು ಕಟ್ಟೆಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಗುರುಗಳು ಹಿತ್ತಲಿಂದ ಕೂಗಿ ಕರೆದರು. ಗಡಬಡಿಸಿ ಎದ್ದಳು. ಮಡಿಲಲ್ಲಿದ್ದ ಕಾಳೆಲ್ಲ ನೆಲಕ್ಕೆ ಚೆಲ್ಲಿತು.

"ಅದು ರ್ಯಾಮ್," ಎಂದರು ಗುರುಗಳು. "ಕೆಲಸ ನಡೆದಷ್ಟು ಹೊತ್ತು ಕೈಗೆ ಸಿಗತೈತಿ. ಕರೆಂಟ್ ಹೋತೋ, ಚೆಲ್ಲಿ ಹೋತು. ಡಬ್ಬಿಗೆ ಹಾಕಿ ಇಟ್ಟದ್ದು ಡಿಸ್ಕ್."

ದಾನಮ್ಮ ಕಾಳು ಆರಿಸಿಕೊಂಡಳು.

ಎರಡನೆಯ ವರ್ಷದ ಚಳಿಗಾಲದಲ್ಲಿ ಮುದುಕರೊಬ್ಬರು ಬಸ್ಸಿಳಿದು ಬಂದರು. ಹೆಸರು ಹುಸೇನಸಾಬ. ಜೊತೆಗೆ ಹೆಂಡತಿ ರಾಜಮಾ. ಕಂಬಳಿಯಲ್ಲಿ ಸುತ್ತಿದ ಕಂಪ್ಯೂಟರನ್ನು ಇಬ್ಬರೂ ಒಂದೊಂದು ಬದಿ ಹಿಡಿದಿದ್ದರು.

ಹುಸೇನಸಾಬರು ಮಾತಾಡುವಂತಿರಲಿಲ್ಲ. ಗಂಟಲಿನ ಕ್ಯಾನ್ಸರಿಗೆ ಆಪರೇಷನ್ ಮಾಡಿ ದನಿಪೆಟ್ಟಿಗೆಯನ್ನೇ ತೆಗೆದಿದ್ದರು. ಏನಿದ್ದರೂ ನೋಟ್‌ಬುಕ್ಕಿನಲ್ಲಿ ಬರೆದು ತೋರಿಸುವುದು.

ಉಳಿದದ್ದನ್ನು ರಾಜಮಾ ಹೇಳಿದರು. ಗಂಡ ನಲವತ್ತು ವರ್ಷ ಭಜನೆಯಲ್ಲಿ ತತ್ವಪದ ಹಾಡಿದವರು. ಎಲ್ಲ ಅವರ ಗುರುವಿನ ಬಾಯಿಂದ ಬಂದ ಪದಗಳು, ಎಲ್ಲೂ ಅಚ್ಚಾದವಲ್ಲ. ಊರಿನ ಮಾಸ್ತರರು ಗಂಡ ಹಾಡಿದ ನಲವತ್ತಮೂರು ಪದಗಳನ್ನು ಅವರ ದನಿಯಲ್ಲೇ ಈ ಕಂಪ್ಯೂಟರಿನಲ್ಲಿ ತುಂಬಿಟ್ಟಿದ್ದರು. ಮಾಸ್ತರರು ತೀರಿಕೊಂಡರು. ಈಗ ಇದೂ ಚಾಲೂ ಆಗುತ್ತಿಲ್ಲ. ಪೇಟೆಯಲ್ಲಿ ತೋರಿಸಿದರೆ ಡಿಸ್ಕ್ ಹೋಗಿದೆ, ಹೊಸದು ಹಾಕೋಣ ಅಂದರಂತೆ.

ಹುಸೇನಸಾಬರು ನೋಟ್‌ಬುಕ್ ಮುಂದೆ ಹಿಡಿದರು. "ಹೊಸಾದು ಹಾಕಿದರ ಹಾಡು ಬರತಾವೇನು?" ಎಂದು ಬರೆದಿತ್ತು.

ಗುರುಗಳು ದಾನಮ್ಮನಿಗೆ ಕಂಪ್ಯೂಟರಿನ ಪೆಟ್ಟಿಗೆ ಒಪ್ಪಿಸಿ ನದಿಗೆ ಸ್ನಾನಕ್ಕೆ ಹೋದರು.

ಮೊದಲ ದೋಷ ಬೇಗ ಸಿಕ್ಕಿತು. ಗೋಡೆಯಿಂದ ಬರುವ ಕರೆಂಟನ್ನು ಒಳಗಿನ ಭಾಗಗಳು ತಾಳುವಷ್ಟಕ್ಕೆ ಇಳಿಸಿ ಹಂಚುವ ಪವರ್ ಸಪ್ಲೈ ಸುಟ್ಟಿತ್ತು. ಬೇರೆಯದು ಹಾಕಿದಳು. ಫ್ಯಾನ್ ತಿರುಗಿತು. ಅವಳಿಗೆ ಹುರುಪು ಬಂತು.

ಆದರೆ ಪರದೆ ಕಪ್ಪಾಗಿಯೇ ಉಳಿಯಿತು. ಡಿಸ್ಕಿನೊಳಗಿಂದ ಕಟ್, ಕಟ್ ಎಂಬ ಸದ್ದು.

ಆರಿಸಿ ಮತ್ತೆ ಹಚ್ಚಿದಳು. ಅದೇ ಸದ್ದು. ಬಿಡಬಾರದು ಎಂದು ಮತ್ತೆ ಹಚ್ಚಿದಳು.

ನದಿಯಿಂದ ಬಂದ ಗುರುಗಳು ಒದ್ದೆ ಪಂಚೆಯಲ್ಲೇ ಒಳಗೆ ಬಂದು ಗೋಡೆಯ ಪ್ಲಗ್ ಕಿತ್ತರು.

"ಎಷ್ಟು ಸಲ ಹಚ್ಚಿದಿ?"

"ಏಳು ಸಲರೀ, ಅಜ್ಜಾರ."

ಗುರುಗಳು ಎಂದೋ ಕೆಟ್ಟ ಹಳೆಯ ಡಿಸ್ಕೊಂದನ್ನು ಹುಡುಕಿ ತಂದು ಮುಚ್ಚಳ ಬಿಚ್ಚಿದರು. ಒಳಗೆ ಕನ್ನಡಿಯಂತೆ ಹೊಳೆಯುವ ತಟ್ಟೆ. ಅದರ ಮೇಲೆ ಚಾಚಿದ ಸಣ್ಣ ತೋಳು.

ಬರೆದದ್ದೆಲ್ಲ ಈ ತಟ್ಟೆಯ ಮೇಲೆ ಕಣ್ಣಿಗೆ ಕಾಣದ ಅಯಸ್ಕಾಂತದ ಗುರುತುಗಳಾಗಿ ಕೂತಿರುತ್ತದೆ ಎಂದರು. ತಟ್ಟೆ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತದೆ. ತೋಳಿನ ತುದಿ ಅದನ್ನು ಓದುತ್ತದೆ, ಮುಟ್ಟುವುದಿಲ್ಲ. ಕೂದಲೆಳೆಯ ದಪ್ಪಕ್ಕಿಂತ ಎಷ್ಟೋ ಕಡಿಮೆ ಎತ್ತರದಲ್ಲಿ ಗಾಳಿಯ ಮೇಲೆ ತೇಲುತ್ತಿರುತ್ತದೆ. ಕೆಟ್ಟ ತೋಳಾದರೆ ತೇಲುವ ಬದಲು ತಟ್ಟೆಯನ್ನು ಕೆರೆಯಬಹುದು.

ಆ ಹಳೆಯ ತಟ್ಟೆಯ ಮೇಲೊಂದು ಗೀರು ದುಂಡಗೆ ಸುತ್ತಿಕೊಂಡಿತ್ತು. ಪಕ್ಕದಲ್ಲಿ ಬೂದಿಯಂಥ ಪುಡಿ. ದಾನಮ್ಮ ಬೆರಳಿಗೆ ಹಚ್ಚಿಕೊಂಡು ಇದೇನೆಂದು ಕೇಳಿದಳು.

"ಅಲ್ಲಿ ಬರೆದಿದ್ದದ್ದು," ಎಂದರು ಗುರುಗಳು.

ಅವಳು ಬೆರಳನ್ನು ಒರೆಸಿಕೊಳ್ಳಲಿಲ್ಲ.

"ಕಾಲು ಮುರಿದಾಂವ ದವಾಖಾನಿಗೆ ಬಂದರ, ಏಳು ಸಲ ನಡಿಸಿ ನೋಡತಿದ್ದಿಯೇನು?"

ದಾನಮ್ಮ, ಇದು ತನ್ನಿಂದಾಗದು, ನೀವೇ ಮಾಡಿರಿ ಎಂದು ಬೇಡಿಕೊಂಡಳು. ಗುರುಗಳು ತಮ್ಮ ಬಲಗೈಯನ್ನು ಅವಳ ಮುಂದೆ ಹಿಡಿದರು. ಈಚೆಗೆ ಅದು ಸಣ್ಣಗೆ ನಡುಗುತ್ತಲೇ ಇತ್ತು. ಮೊದಲು ಹೋಗಿ ಹುಸೇನಸಾಬರಿಗೆ ಇದ್ದದ್ದು ಇದ್ದಂತೆ ಹೇಳಿ ಬಾ ಎಂದರು.

ಅವಳು ಹೋಗಿ ಹೇಳಿದಳು. ಏಳು ಸಲ ಎಂಬುದನ್ನೂ ಮುಚ್ಚಿಡಲಿಲ್ಲ.

ಹುಸೇನಸಾಬರು ನೋಟ್‌ಬುಕ್ ತೆರೆದರು. ಬರೆದರು: "ಗಂಟಲು ನೋಯತಿದ್ದರೂ ನಾನು ಒಂದು ವರ್ಷ ಹಾಡಿದೆ. ನನ್ನ ಪ್ಲಗ್ ಯಾರೂ ಕೀಳಲಿಲ್ಲ."

ಅದರ ಕೆಳಗೆ ಇನ್ನೊಂದು ಸಾಲು: "ನೀನ ಮಾಡು."

ಮರುದಿನ ಆ ಡಿಸ್ಕನ್ನು ಆಶ್ರಮದ ಕಂಪ್ಯೂಟರಿಗೆ ಬರೀ ಓದುವುದಕ್ಕಾಗಿ ಜೋಡಿಸಿದರು. ಪಕ್ಕದಲ್ಲೊಂದು ಹೊಸ ಡಿಸ್ಕ್. ಹಳೆಯದರಲ್ಲಿ ಇದ್ದದ್ದನ್ನು ಸಣ್ಣ ಸಣ್ಣ ತುಣುಕಾಗಿ ಹೊಸದಕ್ಕೆ ನಕಲು ಮಾಡುವುದು. ಹಾಡು ಯಾವುದು, ಹೆಸರೇನು ಎಂದು ಆಗ ಹುಡುಕುವಂತಿಲ್ಲ.

ಗುರುಗಳು ಹೇಳಿದ್ದು ಇಷ್ಟೇ: "ಕೊಟ್ಟಷ್ಟು ತಗೋ. ತಡವರಿಸಿದಲ್ಲಿ ಬಿಟ್ಟು ಮುಂದ ಹೋಗು. ಬಿಸಿ ಆದರ ನಿಲ್ಲಿಸು."

"ಬಿಟ್ಟದ್ದರ ಗತಿ ಏನ್ರಿ?"

"ಗುರುತು ಹಾಕಿಟ್ಟುಕೋ. ಕಡೀಕ ಬಾ."

ಮೊದಲ ದಿನ ಅರ್ಧಕ್ಕಿಂತ ಹೆಚ್ಚು ಸಲೀಸಾಗಿ ಬಂತು. ಎರಡನೆಯ ದಿನದಿಂದ ಓಟ ಕುಂಟಿತು. ನಾಲ್ಕನೆಯ ದಿನ ಒಂದೇ ಜಾಗದಲ್ಲಿ ಕಟ್, ಕಟ್ ಎನ್ನತೊಡಗಿತು. ಇನ್ನೊಂದೇ ಸಲ ಎಂದು ದಾನಮ್ಮನ ಕೈ ಮುಂದೆ ಹೋಯಿತು. ಆ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಳು. ಇನ್ನೊಂದು ಕೈಯಿಂದ ಡಿಸ್ಕ್ ನಿಲ್ಲಿಸಿದಳು. ಅದು ತಣ್ಣಗಾಗುವವರೆಗೆ ಅಂಗಳ ಗುಡಿಸಿ ಬಂದಳು.

ಹಾಗೇ ದಿನ ಸರಿದವು. ಹುಸೇನಸಾಬರು ಹೊಸ್ತಿಲಲ್ಲಿ ಕೂತಿರುತ್ತಿದ್ದರು. ರಾಜಮಾ ಆಶ್ರಮದ ಒಲೆ ಹಿಡಿದು ಎಲ್ಲರಿಗೂ ರೊಟ್ಟಿ ಬಡಿಯುತ್ತಿದ್ದರು. ದಾನಮ್ಮ ಒಂದು ತಾಸು ಓದಿಸುವಳು, ಎರಡು ತಾಸು ಕಾಯುವಳು. ಗುರುತು ಹಾಕಿದ ಜಾಗಗಳಿಗೆ ಒಂದೊಂದಾಗಿ ಮರಳಿ ಹೋಗುವಳು. ಕೆಲವು ಕೊಟ್ಟವು. ಕೆಲವು ಕೊಡಲಿಲ್ಲ.

ಹನ್ನೊಂದನೆಯ ದಿನ ತಟ್ಟೆ ತಿರುಗುವುದನ್ನೇ ನಿಲ್ಲಿಸಿತು.

ಹೊಸ ಡಿಸ್ಕಿನಲ್ಲಿ ಹುಡುಕಿದಾಗ ನಲವತ್ತೊಂದು ಪದ ಸಿಕ್ಕವು. ಎರಡು ಹೋಗಿದ್ದವು.

ದಾನಮ್ಮ ಗುರುಗಳ ಹತ್ತಿರ ಹೋಗಿ, ಆ ಎರಡು ತನ್ನ ಏಳು ಸಲದಿಂದಲೇ ಹೋದವೇ ಎಂದು ಕೇಳಿದಳು.

"ಗೊತ್ತಾಗೂದಿಲ್ಲ," ಎಂದರು ಅವರು. "ಅದನ್ನ ಹೊತ್ತುಕೊಂಡೇ ಮುಂದಿನ ಪೆಟ್ಟಿಗಿ ಬಿಚ್ಚು."

ಮಧ್ಯಾಹ್ನ ಎಲ್ಲರೂ ಕೂತು ಕೇಳಿದರು. ಮೊದಲ ಪದದ ಮೊದಲ ಸಾಲಿಗೇ ರಾಜಮಾ ಸೆರಗನ್ನು ಮುಖಕ್ಕೆ ಒತ್ತಿಕೊಂಡರು. ಹುಸೇನಸಾಬರು ಕಣ್ಣು ಮುಚ್ಚಿದ್ದರು. ಮೊಣಕಾಲಿನ ಮೇಲೆ ಬೆರಳು ತಾಳ ಹಾಕುತ್ತಿತ್ತು. ದನಿಯಿಲ್ಲದ ತುಟಿಗಳು ಪ್ರತಿ ಅಕ್ಷರಕ್ಕೂ ಅಲುಗಿದವು.

ಸಂಜೆಗೆ ನಲವತ್ತೊಂದೂ ಮುಗಿದವು. ಹುಸೇನಸಾಬರು ನೋಟ್‌ಬುಕ್ ತೆಗೆದು ಹೋದ ಎರಡು ಪದಗಳ ಸಾಲುಗಳನ್ನೆಲ್ಲ ನೆನಪಿನಿಂದ ಬರೆದರು. ಬರೆದು ಪೆನ್ನು ಕೆಳಗಿಟ್ಟರು. ಧಾಟಿಯನ್ನು ಬರೆಯುವುದು ಹೇಗೆ?

ಆಗ ರಾಜಮಾ ಕೆಮ್ಮಿ ಗಂಟಲು ಸರಿಮಾಡಿಕೊಂಡರು. ನಲವತ್ತು ವರ್ಷ ರೊಟ್ಟಿ ಬಡಿಯುತ್ತ ಕೇಳಿದವರು, ಮಂದಿಯ ಮುಂದೆ ಒಂದು ಸಾಲನ್ನೂ ಹಾಡಿರಲಿಲ್ಲ. ನೆಲ ನೋಡುತ್ತ ಶುರುಮಾಡಿದರು. ದನಿ ಮೊದಲು ತಡವರಿಸಿತು, ಆಮೇಲೆ ಸ್ಥಿರವಾಯಿತು. ಒಂದು ಕಡೆ ಗಂಡ ಬೆರಳೆತ್ತಿದರು. ರಾಜಮಾ ತಿದ್ದಿಕೊಂಡು ಮುಂದುವರಿದರು.

ದಾನಮ್ಮ ಮೈಕ್ ಹಿಡಿದು ಎರಡನ್ನೂ ತುಂಬಿಸಿಕೊಂಡಳು. ನಲವತ್ತಮೂರನ್ನೂ ಇನ್ನೊಂದು ಡಿಸ್ಕಿಗೆ ನಕಲು ಹಾಕಿದಳು. ಪೆನ್‌ಡ್ರೈವಿಗೂ ಹಾಕಿ ರಾಜಮಾ ಕೈಗೆ ಕೊಟ್ಟಳು. ಹನ್ನೊಂದು ದಿನದ ಮೇಲೆ ಮೊದಲ ಸಲ ಅವಳ ಮುಖ ಹಗುರಾಗಿತ್ತು.

"ನಲವತ್ತಮೂರೂ ಉಳಿದವರಿ, ಅಜ್ಜಾರ."

"ಎಲ್ಲಿ?"

"ಮೂರು ಕಡೆ ಅದಾವರಿ. ಎರಡು ಡಿಸ್ಕಿನ್ಯಾಗ, ಒಂದು ಪೆನ್‌ಡ್ರೈವಿನ್ಯಾಗ."

ಗುರುಗಳು ಎದ್ದು ಒಂದು ಚಾಪೆ ತಂದು ರಾಜಮಾ ಎದುರಿಗೆ ಹಾಸಿದರು.

"ಕೂಡು," ಎಂದರು ದಾನಮ್ಮನಿಗೆ. "ಅವ್ವ ಹಾಡಿದ್ದನ್ನ ನೀ ಹಾಡು. ಆಮ್ಯಾಲೆ ಉಳಿದವು ಅನ್ನು."